ಸಂಕಪ್ಪ ಅರಸರಿಗೆ ಶಹ ಹೇಳಿದ್ದು

ಹೆಸರು ಹೇಳಬೇಕಾದಷ್ಟು ದೊಡ್ಡದಲ್ಲದ ಒಂದು ರಾಜ್ಯದ ರಾಜಧಾನಿಯಲ್ಲಿ, ಸುಂಕದ ಕಟ್ಟೆಗೆ ಬಂದ ಮೂಟೆಗಳ ಮೇಲೆ ಮುದ್ರೆ ಒತ್ತುವ ಸಂಕಪ್ಪ ಎಂಬುವನಿದ್ದ. ಒಂಬತ್ತನೆಯ ವಯಸ್ಸಿಗೆ ಚದುರಂಗ ಕಲಿತವನು ಐವತ್ತೆಂಟಾದರೂ ಅದನ್ನು ಚೆನ್ನಾಗಿ ಆಡಲು ಕಲಿತಿರಲಿಲ್ಲ. ದಿನವೂ ಸಂಜೆ, ಕುದುರೆಗಳಿಗೆ ಲಾಳ ಕಟ್ಟುವ ಹುಸೇನಸಾಬನ ಜಗಲಿಯಲ್ಲಿ ಚದುರಂಗದ ಮಣೆ ಹಾಕಿ ಕೂರುತ್ತಿದ್ದ. ಹತ್ತರಲ್ಲಿ ಒಂಬತ್ತು ಆಟ ಸೋಲುತ್ತಿದ್ದ. ಸೋತ ಆಟವನ್ನು ಮನಸ್ಸಿನಲ್ಲೇ ಮತ್ತೆ ಆಡಿಕೊಳ್ಳುತ್ತ ನಡೆದು, ತನ್ನ ಮನೆಯನ್ನೂ ದಾಟಿ ಮುಂದೆ ಹೋಗಿಬಿಡುತ್ತಿದ್ದ. ಹೆಂಡತಿ ನೀಲವ್ವ ಬಾಗಿಲಲ್ಲಿ ನಿಂತು ಕೂಗಿ ಕರೆಯಬೇಕಾಗುತ್ತಿತ್ತು.

"ಇಷ್ಟು ವರ್ಷ ಸೋತೂ ನಿಮಗೆ ಬೇಜಾರಾಗಿಲ್ವಾ?" ಎಂದು ಅವಳು ಕೇಳಿದರೆ, "ಇವತ್ತು ಸೋತಿದ್ದು ಹೊಸ ರೀತಿ ಕಣೇ. ಒಂಟೆಯನ್ನು ಮೂಲೆಯಲ್ಲಿ ಮರೆತೇಬಿಟ್ಟೆ," ಎನ್ನುತ್ತಿದ್ದ.

ಆ ರಾಜ್ಯದ ಅರಸರಿಗೂ ಚದುರಂಗವೆಂದರೆ ಪ್ರಾಣ. ಪಟ್ಟಕ್ಕೆ ಬಂದ ಇಪ್ಪತ್ತೈದು ವರ್ಷಗಳಲ್ಲಿ ಅವರು ಒಂದು ಆಟವನ್ನೂ ಸೋತಿರಲಿಲ್ಲ. ಆಸ್ಥಾನದವರಿಗೆ ಅವರೆದುರು ಸೋಲುವ ತರಬೇತಿಯೇ ಇತ್ತು. ಎಷ್ಟನೆಯ ನಡೆಗೆ ಹಣೆ ಒರೆಸಿಕೊಳ್ಳಬೇಕು, ಎಲ್ಲಿ ನಿಟ್ಟುಸಿರು ಬಿಡಬೇಕು, ಆನೆಯನ್ನು ಕಳೆದುಕೊಳ್ಳುವಾಗ ಮುಖ ಹೇಗಿರಬೇಕು ಎಂಬುದನ್ನೆಲ್ಲ ಹಿರಿಯರು ಕಿರಿಯರಿಗೆ ಹೇಳಿಕೊಡುತ್ತಿದ್ದರು. ಈಗಿನ ಮಂತ್ರಿ ಆ ಪದವಿಗೆ ಬಂದದ್ದು ಹದಿನೇಳೇ ನಡೆಗಳಲ್ಲಿ ಬಹಳ ಸಹಜವಾಗಿ ಸೋತದ್ದರಿಂದ.

ಪಟ್ಟದ ಬೆಳ್ಳಿಹಬ್ಬ ಬಂತು. ಅರಸರಿಗೆ ಪ್ರಜೆಗಳ ಎದುರಿಗೆ ಸಾಮಾನ್ಯ ಪ್ರಜೆಯೊಬ್ಬನ ಜೊತೆ ಆಡುವ ಮನಸ್ಸಾಯಿತು. ಮಂತ್ರಿ ಊರೆಲ್ಲ ವಿಚಾರಿಸಿ, ಅತ್ಯಂತ ಕೆಟ್ಟದಾಗಿ ಆಡುವವನನ್ನು ಹುಡುಕಿ ಕರೆಸಿದ.

"ನೀನು ಯಾವಾಗಲೂ ಸೋಲುತ್ತೀಯಂತೆ, ನಿಜವೇ?"

"ನಿಜ ಸ್ವಾಮಿ. ಆದರೆ ಗೆಲ್ಲಬೇಕು ಅಂತ ಆಡಿಯೇ ಸೋಲುತ್ತೇನೆ."

"ಅದು ನಿನ್ನ ಸ್ವಂತ ವಿಷಯ," ಎಂದ ಮಂತ್ರಿ, ನಿಶ್ಚಿಂತೆಯಿಂದ.

ಅರಮನೆಯ ಅಂಗಳದಲ್ಲಿ ಸಾವಿರಾರು ಜನ ಸೇರಿದರು. ಎಂಟು ನಡೆ ಮುಗಿಯುವಷ್ಟರಲ್ಲಿ ಸಂಕಪ್ಪನಿಗೆ ವಿಚಿತ್ರವೆನಿಸಿತು. ಅರಸರು ಯಾವ ಕಾಯಿಗೂ ಕಾವಲಿಡುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಯಾರೂ ಮುಟ್ಟದ ಕಾಯಿಗಳಿಗೆ ಕಾವಲು ಯಾಕೆ ಬೇಕು?

"ಪ್ರಭೂ, ನಿಮ್ಮ ಮಂತ್ರಿ ನನ್ನ ಕುದುರೆಯ ಬಾಯಿಗೆ ಬಂದಿದ್ದಾನೆ," ಎಂದು ಅವನು ಮೆಲ್ಲಗೆ ಎಚ್ಚರಿಸಿದ.

"ಇರಲಿ," ಎಂದು ಅರಸರು ನಕ್ಕರು.

ಸಂಕಪ್ಪ ಹೊಡೆದ. ಅರಸರ ಹಿಂದೆ ನಿಂತಿದ್ದ ನಿಜವಾದ ಮಂತ್ರಿ ಕಣ್ಣರಳಿಸಿ, ಬೆರಳನ್ನು ಕತ್ತಿನ ಮೇಲೆ ಅಡ್ಡ ಎಳೆದು ತೋರಿಸಿದ. ಅದರ ಅರ್ಥ ಸಂಕಪ್ಪನಿಗೆ ಚೆನ್ನಾಗಿ ಗೊತ್ತಾಯಿತು. ಗುಂಪಿನಲ್ಲಿ ನೀಲವ್ವ ಸೆರಗು ಬಾಯಿಗೊತ್ತಿ ನಿಂತಿದ್ದೂ ಕಂಡಿತು. ಒಂದು ತಪ್ಪು ನಡೆ ನಡೆಸಿದ್ದರೆ ಸಾಕಿತ್ತು. ತಪ್ಪು ನಡೆಗಳು ಅವನಿಗೆ ಹೊಸವೂ ಅಲ್ಲ. ಆದರೆ ಬೇಕೆಂದೇ ತಪ್ಪು ಮಾಡಿದ್ದು ಅವನ ಜೀವನದಲ್ಲೇ ಇರಲಿಲ್ಲ. ಮಣೆಯ ಮೇಲೆ ಮೂರು ನಡೆಯ ದಾರಿಯೊಂದು ಕಾಣುತ್ತಿತ್ತು. ಇಷ್ಟು ಚೆಂದದ ದಾರಿ ಅವನಿಗೆ ಹಿಂದೆಂದೂ ಕಂಡಿರಲಿಲ್ಲ. ಮೂರನ್ನೂ ನಡೆಸಿ, "ಶಹ" ಎಂದ.

ಅರಸರು ತಮ್ಮ ರಾಜನನ್ನು ಹಿಡಿದುಕೊಂಡು ಒಂದೊಂದೇ ಮನೆ ನೋಡಿದರು. ಇಡಲು ಒಂದೂ ಉಳಿದಿರಲಿಲ್ಲ. ಅವರು ಮಂತ್ರಿಯ ಕಡೆ ತಿರುಗಿದರು.

ಮಂತ್ರಿ ಮುಂದೆ ಬಂದು ಘೋಷಿಸಿದ: "ಅರಸರು ಗೆದ್ದರು. ಹಳೆಯ ಶಾಸ್ತ್ರದ ಪ್ರಕಾರ, ಯಾರ ರಾಜ ಮೊದಲು ವಿಶ್ರಾಂತಿಗೆ ನಿಲ್ಲುತ್ತಾನೋ ಅವರದೇ ಗೆಲುವು. ಈ ಪ್ರಜೆಯ ರಾಜನನ್ನು ನೋಡಿ, ಪಾಪ, ಇನ್ನೂ ಯುದ್ಧದಲ್ಲೇ ಇದ್ದಾನೆ."

ನಗಾರಿ ಬಾರಿಸಿದರು, ಅರಸರಿಗೆ ಹಾರ ಹಾಕಿದರು. ಸೋತವನನ್ನು ಶಿಕ್ಷಿಸುವ ಪದ್ಧತಿ ಇರಲಿಲ್ಲವಾದ್ದರಿಂದ ಸಂಕಪ್ಪನ ಕತ್ತು ಉಳಿಯಿತು. ಹುಸೇನಸಾಬ ಆ ಮೂರು ನಡೆಗಳನ್ನು ನಾಲ್ಕು ಸಲ ಆಡಿಸಿ ನೋಡಿ, "ಇದನ್ನು ನೀನೇ ಆಡಿದೆಯಾ?" ಎಂದು ಮಾತ್ರ ಕೇಳಿದ.

ಮಂತ್ರಿ ಹೇಳಿದ ಆ 'ಹಳೆಯ ಶಾಸ್ತ್ರ'ವೇ ಹೊಸ ಕಾನೂನಾಯಿತು. ತೊಂದರೆ ಶುರುವಾದದ್ದು ಆಮೇಲೆ. ಅರಸರು ಗೆಲ್ಲಬೇಕಾದರೆ ಎದುರಾಳಿಗಳು ಅವರ ರಾಜನನ್ನು ಕಟ್ಟಿಹಾಕಬೇಕು. ಆಸ್ಥಾನದವರಿಗೆ ಅದು ಬರುತ್ತಿರಲಿಲ್ಲ. ಎಷ್ಟೇ ಪ್ರಯತ್ನಪಟ್ಟರೂ ಹಳೆಯ ಅಭ್ಯಾಸ ಬಿಡದೆ ತಾವೇ ಕಟ್ಟಿಗೆ ಬೀಳುತ್ತಿದ್ದರು, ಕಾನೂನಿನ ಪ್ರಕಾರ ಅರಸರು ಸೋಲುತ್ತಿದ್ದರು. ಒಂದೇ ವಾರದಲ್ಲಿ ಮೂರು ಸೋಲು. ಕೊನೆಗೆ ಸಂಕಪ್ಪನನ್ನೇ ದಿನಾ ಮಧ್ಯಾಹ್ನ ಕರೆಸತೊಡಗಿದರು.

ಅರಸರನ್ನು ಕಟ್ಟಿಹಾಕುವುದು ಈಗ ಬಹಳ ಸುಲಭವಾಗಿತ್ತು. ಅವರು ತಮ್ಮ ರಾಜನನ್ನು ತಾವೇ ಎತ್ತಿ ತಂದು ಸಂಕಪ್ಪನ ಆನೆಗಳ ನಡುವೆ ನಿಲ್ಲಿಸುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಸಂಕಪ್ಪ ಸೊರಗಿದ. ಸಂಜೆ ಹುಸೇನಸಾಬನ ಜಗಲಿಯಲ್ಲಿ ಕೂತರೂ ಕಾಯಿ ಮುಟ್ಟಲು ಮನಸ್ಸಾಗುತ್ತಿರಲಿಲ್ಲ.

"ಪ್ರಭೂ, ಸ್ವಲ್ಪ ತಪ್ಪಿಸಿಕೊಂಡು ಆಡಿ," ಎಂದು ಒಂದು ದಿನ ಬೇಡಿದ.

"ನಾನು ಸೋಲಬೇಕೇನು?" ಎಂದರು ಅರಸರು.

ಅವನು ಮಂತ್ರಿಯ ಬಳಿ ಹೋಗಿ ಬಿಡುಗಡೆ ಕೇಳಿದ. ಮಂತ್ರಿ ಒಂದು ಷರತ್ತು ಹಾಕಿದ: ರಾಜನನ್ನು ಕಟ್ಟಿಹಾಕುವ ವಿದ್ಯೆಯನ್ನು ಆಸ್ಥಾನದವರಿಗೆ ಮೊದಲು ಕಲಿಸಬೇಕು. ಸಂಕಪ್ಪ ಪ್ರಾಮಾಣಿಕವಾಗಿ ಕಲಿಸಿದ. ತಮ್ಮ ಕಡೆಯ ಕಾಲಾಳುಗಳನ್ನು ಒಬ್ಬೊಬ್ಬರನ್ನಾಗಿ ಮುಂದೆ ತಳ್ಳುವುದು, ಕಾವಲಿನ ಆನೆಗೆ ದೂರದಲ್ಲಿ ಬೇರೆ ಕೆಲಸ ಹಚ್ಚುವುದು, ರಾಜನಿಗೆ ಓಡುವ ದಾರಿಗಳನ್ನು ಒಂದೊಂದಾಗಿ ಮುಚ್ಚುವುದು. ತನಗೇ ಸರಿಯಾಗಿ ಬಾರದಿದ್ದುದನ್ನೂ ಕಲಿಸುತ್ತ ಕಲಿತ. ಮಂತ್ರಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದ, ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಿದ್ದ.

ಪಾಠ ಮುಗಿದ ಮರುವಾರ, ಸೇನಾಪತಿಯನ್ನು ಕೆಲಸದ ಮೇಲೆ ಗಡಿಗೆ ಕಳಿಸಲಾಯಿತು. ಅರಮನೆಯ ಕಾವಲುಗಾರರು ಒಬ್ಬೊಬ್ಬರಾಗಿ ಬದಲಾದರು. ಒಂದು ಬೆಳಿಗ್ಗೆ ಸಭೆಯ ಐದೂ ಬಾಗಿಲುಗಳಲ್ಲಿ ಹೊಸ ಮುಖಗಳು ನಿಂತಿದ್ದವು. ಮಂತ್ರಿ ಸಿಂಹಾಸನದ ಮುಂದೆ ಬಂದು ವಿನಯದಿಂದಲೇ "ಶಹ" ಎಂದ.

ಅರಸರು ಐದೂ ಬಾಗಿಲುಗಳನ್ನು ನೋಡಿದರು. ಆಮೇಲೆ ಮುಗುಳ್ನಕ್ಕು, ಹಾರಕ್ಕಾಗಿ ಕತ್ತು ಬಾಗಿಸಿದರು. ಕಾನೂನಿನಂತೆ ಹಾರವನ್ನೂ ಹಾಕಿದರು. ಗೆದ್ದ ಅರಸರನ್ನು ಮೆರವಣಿಗೆಯಲ್ಲಿ ಬೆಟ್ಟದ ಕೋಟೆಗೆ ಒಯ್ದು ಬೀಗ ಹಾಕಿದರು. ಸೋತ ಮಂತ್ರಿ ಸಿಂಹಾಸನದ ಮೇಲೆ ಕೂತು ಮೊದಲ ಆಜ್ಞೆ ಹೊರಡಿಸಿದ: ಸಂಕಪ್ಪ ಇನ್ನು ಯಾರಿಗೂ ಪಾಠ ಹೇಳಕೂಡದು, ಚದುರಂಗದ ಹಳೆಯ ನಿಯಮವೇ ಮತ್ತೆ ಜಾರಿಗೆ ಬರಬೇಕು.

ಕೆಲವು ತಿಂಗಳಾದ ಮೇಲೆ ಕೋಟೆಯ ಕೈದಿ ಜೊತೆಗೊಬ್ಬ ಆಟಗಾರನನ್ನು ಬೇಡಿದ. ಬೇರಾರೂ ಹೋಗಲು ಒಪ್ಪದ್ದರಿಂದ ಸಂಕಪ್ಪ ಮಣೆ ಹಿಡಿದು ಬೆಟ್ಟ ಹತ್ತಿದ. ಮೊದಲ ಹನ್ನೊಂದು ಶುಕ್ರವಾರ ಕೈದಿ ಸೋತ. ಪ್ರತಿ ಸಲವೂ "ಎಲ್ಲಿ ತಪ್ಪಿದೆ?" ಎಂದು ಕೇಳಿ, ಕಾಯಿಗಳನ್ನು ಹಿಂದಕ್ಕಿಟ್ಟು ನೋಡುತ್ತಿದ್ದ. ಹನ್ನೆರಡನೆಯ ಶುಕ್ರವಾರ ಬಹಳ ಹೊತ್ತು ಕಾದಾಡಿ ಸಂಕಪ್ಪನನ್ನು ಸೋಲಿಸಿದ. ಕೈದಿಯ ಕಣ್ಣು ತುಂಬಿತ್ತು.

"ಇದು ನನ್ನ ಮೊದಲನೆಯದು," ಎಂದ ಅವನು.

"ಗೊತ್ತು," ಎಂದ ಸಂಕಪ್ಪ.

ಅರಮನೆಯಲ್ಲಿ ಹೊಸ ಅರಸರೂ ದಿನಾ ಮಧ್ಯಾಹ್ನ ಚದುರಂಗ ಆಡುತ್ತಾರೆ. ಇದುವರೆಗೆ ಒಂದು ಆಟವನ್ನೂ ಸೋತಿಲ್ಲ.