ಕುಂಬಳದ ಗಂಡು ಹೂ

ಗಡಿಯಾರ ರಿಪೇರಿಯವನಿಗೆ ಕೋಪ ಮೂಗಿನ ತುದಿಯಲ್ಲೇ. ಮದುವೆಯಾಗದ ಅವನು ಬಟ್ಟೆ ಹೊಲಿಯುವ ಅಕ್ಕನ ಮನೆಯಲ್ಲೇ ಇದ್ದ. "ನಾನಿಲ್ದಿದ್ರೆ ನೀನು ಉಪವಾಸ ಬೀಳ್ತೀಯ ಕಣೋ" ಎಂದು ಅವಳು ಒಂದು ದಿನ ತಮಾಷೆಗೆ ಅಂದದ್ದೇ ನೆಪವಾಯಿತು. "ನಿನ್ನ ಮನೆಯ ಒಂದು ಹರಳು ಉಪ್ಪೂ ನಂಗೆ ಬೇಡ" ಎಂದವನೇ ಹಾಸಿಗೆ ಸುತ್ತಿಕೊಂಡು ಕೆಳಗಿನ ಮಹಡಿಯ ಒಂಟಿ ಕೋಣೆಗೆ ಇಳಿದ. ಇಳಿದವನು ಸುಮ್ಮನಿರಬಾರದೇ? ಇನ್ನು ತಾನು ತಿನ್ನುವ ತರಕಾರಿಯನ್ನು ತಾನೇ ಬೆಳೆಯುತ್ತೇನೆಂದು ಬೀದಿಗೆಲ್ಲ ಸಾರಿದ.

ಬಾಲ್ಕನಿಯೋ, ಚಾಪೆ ಹಾಸಿ ಮಲಗಿದರೆ ಕಾಲು ಹೊರಗೆ. ಆದರೂ ಹಳೆಯ ಗೋಡೆ ಗಡಿಯಾರದ ಪೆಟ್ಟಿಗೆಯಲ್ಲಿ ಕೊತ್ತಂಬರಿ, ಒಡೆದ ಬಕೆಟ್ಟಿನಲ್ಲಿ ಟೊಮೆಟೊ, ಸಿಮೆಂಟ್ ಚೀಲದಲ್ಲಿ ಕುಂಬಳ ಹಾಕಿದ. ಕೊತ್ತಂಬರಿ ಒಂದು ಚಿಟಿಕೆ ಸಿಕ್ಕಿತು. ಟೊಮೆಟೊ ಗೋಲಿ ಗಾತ್ರಕ್ಕೆ ಬಂದು ಅಲ್ಲೇ ನಿಂತಿತು. ಗೋಲಿಯ ರುಚಿಯೇ ಬೇರೆ ಎಂದು ಹೇಳಿಕೊಂಡು ತಿರುಗಿದ, ಮೀಸೆ ಮಣ್ಣಾಗಲಿಲ್ಲವಂತೆ. ಇನ್ನು ಮಾನ ಉಳಿದರೆ ಕುಂಬಳದಿಂದಲೇ ಉಳಿಯಬೇಕು.

ಬಳ್ಳಿ ಕಂಬಿಗಳನ್ನು ತಬ್ಬಿಕೊಂಡು ಹಬ್ಬಿತು, ಹೂವನ್ನೂ ಬಿಟ್ಟಿತು. ಇವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಪರೀಕ್ಷೆಗೆ ಕೂತ. ಕೆಲವು ಹೂಗಳ ಬುಡದಲ್ಲಿ ಪುಟ್ಟ ಕಾಯಿಯಂಥ ಗುಂಡು. ಮಿಕ್ಕವಕ್ಕೆ ಬರೀ ಉದ್ದ ತೊಟ್ಟು. ಈ ತೊಟ್ಟಿನವು ಕೂತು ತಿನ್ನುವ ದಂಡಪಿಂಡಗಳು ಎಂದು ತೀರ್ಮಾನಿಸಿ, ದಿನಾ ಬೆಳಿಗ್ಗೆ ಚಿಮಟದಿಂದ ಒಂದನ್ನೂ ಬಿಡದೆ ಕಿತ್ತು ಹಾಕಿದ. ಏನು ಜಾಣತನ! ಗುಂಡಿದ್ದವು ಒಂದೊಂದಾಗಿ ಕೊಳೆತು ಉದುರಿದವು. ಸೊರಗಿದ ಬಳ್ಳಿಯ ತುದಿಯಲ್ಲಿ ಕೊನೆಗೆ ಅಂಥ ಒಂದೇ ಒಂದು ಮೊಗ್ಗು ಉಳಿಯಿತು.

ಅಕ್ಕ ಇದನ್ನೆಲ್ಲ ಮೇಲಿನ ಬಾಲ್ಕನಿಯಲ್ಲಿ, ತನ್ನದೇ ಕುಂಬಳದ ಬಳ್ಳಿಯ ಮರೆಯಿಂದ ನೋಡುತ್ತಲೇ ಇದ್ದಳು. ತಮ್ಮನ ಜೊತೆ ಮಾತು ಬಿಟ್ಟಿದ್ದಳೇ ಹೊರತು ತನ್ನ ಮೆಣಸಿನ ಗಿಡದ ಜೊತೆ ಬಿಟ್ಟಿರಲಿಲ್ಲ. ಆ ಸಂಜೆ ಅದಕ್ಕೆ ನೀರು ಹಾಕುತ್ತ, ಕೆಳಗೆ ಕೇಳಿಸುವ ಹಾಗೆ ಹೇಳಿದಳು: "ನೋಡೇ, ಗಂಡು ಹೂನೆಲ್ಲ ಕಿತ್ತು ಬಿಸಾಕಿ, ಹೆಣ್ಣು ಹೂ ಯಾಕೆ ಕಾಯಿ ಕಟ್ಟಲ್ಲ ಅನ್ನೋ ಮಹಾನುಭಾವರೂ ಇದ್ದಾರೆ. ಇಷ್ಟೆತ್ತರಕ್ಕೆ ಜೇನೂ ಬರಲ್ಲ, ಕೈಯಾರೆ ಪುಡಿ ಮುಟ್ಟಿಸ್ಬೇಕು. ಉಳಿದಿರೋ ಒಂದು ಮೊಗ್ಗು ನಾಳೆ ಅರಳುತ್ತೆ, ಬಿಸಿಲೇರೋ ಹೊತ್ತಿಗೆ ಮುಚ್ಚುತ್ತೆ. ಅಲ್ಲಿಗೆ ಮುಗೀತು."

ತಮ್ಮನ ಕೈಯಿಂದ ಚಿಮಟ ಜಾರಿತು. ಇಡೀ ಕಟ್ಟಡದಲ್ಲಿ ಗಂಡು ಹೂ ಇದ್ದದ್ದು ಅಕ್ಕನ ಬಳ್ಳಿಯಲ್ಲಿ ಮಾತ್ರ. ಕದ್ದರೆ ಕಳ್ಳ, ಕೇಳಿದರೆ ಸೋತವನು.

ಬೆಳಗಾಯಿತು, ಹೂ ಅರಳಿತು. ಅವನು ನಾಲ್ಕು ಮೆಟ್ಟಿಲು ಹತ್ತುವುದು, ಮೂರು ಇಳಿಯುವುದು. ಬಿಸಿಲು ಕಂಬಿ ದಾಟಿ ಒಳಗೆ ಬಂತು. ಮೇಲೆ ಹೊಲಿಗೆ ಯಂತ್ರದ ಸದ್ದು ಶುರುವಾಯಿತು. ನಿಜ ಹೇಳಬೇಕೆಂದರೆ, ಆ ಸದ್ದಿನ ಪಕ್ಕ ಕೂತು ಊಟ ಮಾಡದೆ ಅವನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಹೋಗಿ ಬಾಗಿಲು ತಟ್ಟಿದ.

"ಅಕ್ಕ, ಒಂದು ಗಂಡು ಬೇಕಾಗಿತ್ತು."

ಅವಳು ನಗಲಿಲ್ಲ. "ಹೆಣ್ಣು ಹೇಗಿದ್ದಾಳೆ?"

"ಒಬ್ಬಳೇ ಇದ್ದಾಳೆ. ಸ್ವಲ್ಪ ಹಟಮಾರಿ."

"ಮನೆತನವೇ ಹಾಗಲ್ಲವಾ," ಎಂದಳು ಅಕ್ಕ. ತನ್ನ ಬಳ್ಳಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹೂವನ್ನೇ ಕಿತ್ತುಕೊಂಡು, ಅವನಿಗಿಂತ ಮುಂದಾಗಿ ಮೆಟ್ಟಿಲಿಳಿದಳು.

ಗಡಿಯಾರದ ಹಲ್ಲುಚಕ್ರ ಒರೆಸುವ ಕುಂಚದಿಂದ ಅವನು ಹಳದಿ ಪುಡಿ ತೆಗೆದು ಹೆಣ್ಣು ಹೂವಿಗೆ ಸವರಿದ. ಕಾಯಿ ಕಟ್ಟಿತು. ಭಾರಕ್ಕೆ ತೊಟ್ಟು ಬಾಗತೊಡಗಿದಾಗ ಅಕ್ಕ ಉಳಿದ ಬಟ್ಟೆಯಲ್ಲಿ ಜೋಲಿ ಹೊಲಿದು ಕಂಬಿಗೆ ಕಟ್ಟಿದಳು. ತೊಟ್ಟಿಲ ಕೂಸಿಗೂ ಅಷ್ಟು ಆರೈಕೆ ಆಗಿರಲಾರದು.

ಕಾಯಿ ಬಲಿತ ದಿನ ಅವನೇ ಕೊಯ್ದ, ಅವನೇ ಹೆಚ್ಚಿದ, ತನ್ನ ಕೋಣೆಯಲ್ಲೇ ಬೇಯಿಸಿದ. ಅಕ್ಕನನ್ನು ಊಟಕ್ಕೆ ಕರೆದ. ಬಡಿಸುವ ಮೊದಲು ಒಂದು ಚೂರು ಬಾಯಿಗೆ ಹಾಕಿಕೊಂಡು ಸೌಟು ಕೆಳಗಿಟ್ಟ.

"ಉಪ್ಪು ಸಾಲದು. ನಿನ್ನ ಮನೆಯಿಂದ ಸ್ವಲ್ಪ ತಗೊಂಡು ಬಾ ಅಕ್ಕ."

ಒಲೆಯ ಪಕ್ಕದಲ್ಲೇ ಅವನ ಉಪ್ಪಿನ ಡಬ್ಬಿ ತುಂಬಿತ್ತು. ಅಕ್ಕ ಅದನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. ಎದ್ದು ಮೆಟ್ಟಿಲು ಹತ್ತಿದಳು.