ಮಂಡೋದರಿ ಏನಂದಳು

ಹೊನ್ನಾಳಿಯ ಕಾಲೇಜಿನಲ್ಲಿ ಅಂದು ರೂಪಶ್ರೀಯ ಪಾಠ ಮಂಡೋದರಿಯದು. ರಾವಣ ಸತ್ತ ಮೇಲೆ ಅವಳನ್ನು ಕವಿಗಳು ಏನು ಮಾಡಿದರು ಎಂಬುದು.

"ಹಳೆಯ ಸಂಸ್ಕೃತ ಕವಿ ಹೆಣದ ಮುಂದೆ ಕೂರಿಸಿ ಅಳಿಸಿದ. ತಮಿಳಿನವನು ಅಲ್ಲೇ ಪ್ರಾಣ ಬಿಡಿಸಿದ. ಜೈನರು ದೀಕ್ಷೆ ಕೊಡಿಸಿದರು. ಆಮೇಲಿನವರು ಮೈದುನ ವಿಭೀಷಣನಿಗೆ ಕೊಟ್ಟು ರಾಣಿಯಾಗಿಯೇ ಉಳಿಸಿದರು."

ಹಿಂದಿನ ಬೆಂಚಿನ ಉಷಾರಾಣಿ ಎದ್ದು ನಿಂತಳು. "ಮೈದುನನ್ನ ಮಾಡ್ಕೋ ಅಂದಾಗ ಆಕೆ ಏನಂದ್ಲು ಮೇಡಂ?"

"ನಾನು ಓದಿದ್ದರಲ್ಲಿ ಅದಿಲ್ಲ."

"ಹಂಗಾದ್ರೆ ಒಪ್ಕಂಡ್ಲು ಅಂತ ಬರ್ಕಣಾನಾ?"

ತರಗತಿಯೆಲ್ಲ ನಕ್ಕಿತು. ಗಂಡ ವಿನಯ್ ತೀರಿಕೊಂಡು ಇನ್ನೂ ವರ್ಷ ತುಂಬದ ರೂಪಶ್ರೀ ಪುಸ್ತಕ ಮುಚ್ಚಿದಳು.

ನ್ಯಾಮತಿಯಲ್ಲಿ ಬಸ್ಸಿಳಿದಾಗ ಮೈದುನ ಸಿದ್ದಲಿಂಗೇಶ್ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಮುಖ ಬಾಡಿತ್ತು.

"ಬಸವಾಪಟ್ಣದಿಂದ ಮಾವ ಬಂದಾನೆ ಅತ್ತಿಗೆ. ಇವತ್ತೇ ಉಡಿಕೆ ಮಾಡ್ತಾರಂತೆ."

ಉಡಿಕೆಗೆ ಹಂದರವಿಲ್ಲ, ಓಲಗವಿಲ್ಲ. ಆ ಮನೆತನದಲ್ಲಿ ಗಂಡ ಸತ್ತವಳ ಮಡಿಲಿಗೆ ಹಿರಿಯರು ಒಂದು ಸೀರೆ ಇಡುತ್ತಾರೆ. ಒಲ್ಲದವಳು ಅದನ್ನೆತ್ತಿ ನೆಲಕ್ಕಿಡಬೇಕು. ಇಡದಿದ್ದರೆ ಅವಳು ಮೈದುನನ ಹೆಂಡತಿ. ಬಾಯಿಬಿಟ್ಟು ಕೇಳುವ ಪದ್ಧತಿಯೇ ಇಲ್ಲ. ಸೊಕ್ಕೆಯ ತವರಿನಿಂದ ಯಾರೂ ಬಂದಿರಲಿಲ್ಲ. "ಅವ್ರು ಹೇಳ್ದಂಗೆ ಕೇಳವ್ವ" ಎಂದು ಅಪ್ಪ ಫೋನಿನಲ್ಲೇ ಮುಗಿಸಿದ್ದ.

"ನೀವು ಕೆಳಗೆ ಇಟ್ಬಿಡ್ರಿ ಅತ್ತಿಗೆ, ಕೈ ಮುಗೀತೀನಿ," ಎಂದ ಸಿದ್ದಲಿಂಗೇಶ್. "ನಾ ಒಲ್ಲೆ ಅಂದ್ರೆ ಅವ್ವ ಬಾವಿ ಬೀಳ್ತೀನಿ ಅಂತಾಳೆ. ನೀವಾದ್ರೆ ಬರೇ ಬೈಸ್ಕಂತೀರಿ."

"ಇಡ್ತೀನಿ," ಎಂದಳು. ನಿಜಕ್ಕೂ ಇಡುವವಳೇ. ಪಿಯುಸಿಯಲ್ಲಿ ಕನ್ನಡ ಫೇಲಾಗಿ ಕೂತಿದ್ದವನನ್ನು ಎದುರಿಗೆ ಕೂರಿಸಿಕೊಂಡು ಓದಿಸಿದ್ದವಳು ಅವಳು. ಅವನನ್ನು ಗಂಡನೆಂದುಕೊಳ್ಳುವುದು ಹೇಗೆ?

ಪಡಸಾಲೆಯಲ್ಲಿ ಮಾವ ಮಹೇಶ್ವರಪ್ಪ, ಅತ್ತೆಯ ಅಣ್ಣ, ಚಾಪೆ ತೋರಿಸಿದ. "ಕೂತ್ಕಳವ್ವ ಮೇಡಮ್ಮ. ಕಾಲೇಜಿನಾಗೆ ನೀ ಹೇಳಿದ್ದು ಅವ್ರು ಕೇಳ್ತಾರೆ, ಇಲ್ಲಿ ನಾವು ಹೇಳಿದ್ದು ನೀ ಕೇಳು." ತಾನೇ ನಕ್ಕ.

ಅತ್ತೆ ಶಾಂತಾದೇವಿ ಒಳಗಿನಿಂದ ಸೀರೆ ತಂದು ಅವನ ಕೈಗಿತ್ತಳು. "ಹೊಸದು ತರದು ಯಾಕೆ ದಂಡಕ್ಕೆ? ಬೀರುನಾಗೆ ಮಡಿಕೆ ಬಿಚ್ಚದ್ದೇ ಇತ್ತು."

ಮಡಿಲಿಗೆ ಬಂದ ಮೇಲೆ ರೂಪಶ್ರೀ ನೋಡಿದಳು. ನವಿಲುಗೊರಳ ಬಣ್ಣ, ಸಣ್ಣ ಅಂಚು. ದೀಪಾವಳಿಗೆ ಉಡು ಎಂದು ವಿನಯ್ ದಾವಣಗೆರೆಯಿಂದ ತಂದದ್ದು. ದೀಪಾವಳಿಗೆ ಅವನು ಇರಲಿಲ್ಲ.

ಬಾಗಿಲಲ್ಲಿ ಸಿದ್ದಲಿಂಗೇಶ್ ನಿಂತಿದ್ದ. ಅವನ ಕಣ್ಣು ಅವಳ ಕೈಯ ಮೇಲೇ ಇತ್ತು. ಅವಳು ಸೀರೆಯನ್ನು ಎತ್ತಿದಳು. ನೆಲ ಗೇಣು ದೂರ. ಅಲ್ಲಿ ಮಾವ ಕಳಚಿಟ್ಟ ಟವೆಲಿತ್ತು, ಎಲೆಯಡಿಕೆಯ ತಟ್ಟೆಯಿತ್ತು, ಎಲ್ಲರ ಕಾಲುಗಳಿದ್ದವು. ಆ ಕಾಲುಗಳ ನಡುವೆ ವಿನಯ್ ತಂದದ್ದನ್ನು ಇಡಲು ಕೈ ಬಗ್ಗಲಿಲ್ಲ. ಬೇರೆ ಯಾವ ಸೀರೆಯಾಗಿದ್ದರೂ ಇಟ್ಟುಬಿಡುತ್ತಿದ್ದಳು. ಇದು ಅವರು ತಂದದ್ದು ಎಂದು ಹೇಳಲು ನೋಡಿದಳು. ಮಾತು ಹೊರಡುವ ಮೊದಲೇ ಕೈಗಳು ಸೀರೆಯನ್ನು ಎದೆಗೆ ಒತ್ತಿಕೊಂಡವು.

"ನೋಡ್ರಪ್ಪಾ, ಅವುಚ್ಕಂಡೇ ಬಿಟ್ಳು!" ಎಂದ ಮಹೇಶ್ವರಪ್ಪ. "ಹುಡುಗಿಗೆ ಮನ್ಸೈತೆ. ಸಕ್ರೆ ತಗಂಬಾರೇ ತಂಗೀ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಸಕ್ಕರೆ ಹಂಚಿದಳು. ಸಿದ್ದಲಿಂಗೇಶನಿಗೆ ರೂಪಶ್ರೀಯ ಪಾಲಿನ ಚಿಟಿಕೆ ಕೊಟ್ಟು ಕಳಿಸಿದರು. ಅವನು ಎದುರಿಗೆ ಬಂದು ನಿಂತ. ಅತ್ತಿಗೆ ಎನ್ನಲು ಬಾಯಿ ತೆರೆದ, ಮುಚ್ಚಿದ. ಸಕ್ಕರೆ ಅಂಗೈಯಲ್ಲಿ ಬೆವರಿಗೆ ಕರಗುತ್ತಿತ್ತು. ಅವಳು ಕೈ ಚಾಚಲಿಲ್ಲ. ಚಾಚಿದರೆ ಸೀರೆ ಕೆಳಗೆ ಬೀಳುತ್ತಿತ್ತು.