ಕೊಳಾಲದ ಕ್ಯಾರಿಯರ್

ಕೊರಟಗೆರೆ ಪೇಟೆಯಲ್ಲಿ ಎಲೆ ವ್ಯಾಪಾರದ ನಂದೀಶ್ವರಯ್ಯನನ್ನು ಜಿಪುಣ ಎಂದರೆ ಯಾರೂ ಅಲ್ಲಗಳೆಯುತ್ತಿರಲಿಲ್ಲ. ಆದರೆ ಅದು ಪೂರ್ತಿ ನಿಜವಲ್ಲ. ನಾಲ್ಕು ಜನರ ಕಣ್ಣಿಗೆ ಬೀಳುವ ವಸ್ತುವಾದರೆ ಅವನ ಕೈ ತಾನೇ ಬಿಚ್ಚಿಕೊಳ್ಳುತ್ತಿತ್ತು. ತಲೆಗೆ ಸರಿಗೆಯಂಚಿನ ರುಮಾಲು, ಕಿವಿಗೆ ಚಿನ್ನದ ಹತ್ತಕಡಕು, ಕಾಲಿಗೆ ಕಿರ್ರೆನ್ನುವ ಮೆಟ್ಟು. ಅಂಗಿಯೊಳಗಿನ ಬನಿಯನ್ ಮಾತ್ರ ಹರಿದು ಜರಡಿಯಾಗಿದ್ದರೂ ಬದಲಾಗುತ್ತಿರಲಿಲ್ಲ. ‘ಮೇಲೆ ಥಳಕು ಒಳಗೆ ಹುಳುಕು’ ಎಂದು ಹೆಂಡತಿ ಶಿವರುದ್ರಮ್ಮ ಒಗೆಯುವಾಗಲೆಲ್ಲ ಗೊಣಗುತ್ತಿದ್ದಳು, ಅವನು ಕೇಳಿಸಿಕೊಂಡೂ ಕೇಳಿಸದವನಂತೆ ಇರುತ್ತಿದ್ದ.

ತೋವಿನಕೆರೆಯ ತೋಟಗಳಲ್ಲಿ ವೀಳ್ಯದೆಲೆ ಕೊಂಡು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸೈಕಲ್ ಹ್ಯಾಂಡಲಿಗೆ ನೇತುಹಾಕಿಕೊಂಡು ಮಧುಗಿರಿ ಪೇಟೆಗೆ ಒಯ್ಯುವುದು ಅವನ ಕಸುಬು. ಸೈಕಲ್ಲಿಗೆ ಕ್ಯಾರಿಯರ್ ಇರಲಿಲ್ಲ. ಇಷ್ಟು ವರ್ಷ ಇಲ್ಲದ್ದು ಈಗ ಬೇಕಾದದ್ದು ಎಲೆಗಾಗಿ ಅಲ್ಲ. ಶಿವರುದ್ರಮ್ಮನಿಗೆ ಎಂಟು ತಿಂಗಳು ತುಂಬುತ್ತಿತ್ತು. ಹೋದ ಸಲ ಹೆರಿಗೆ ಕಷ್ಟವಾದಾಗ ಮಧುಗಿರಿ ಆಸ್ಪತ್ರೆಗೆಂದು ಎತ್ತಿನ ಗಾಡಿ ಕಟ್ಟಿಸಿದ್ದ. ಗಾಡಿ ಅರ್ಧ ದಾರಿಯಲ್ಲಿ ಇರುವಾಗಲೇ ಮಗು ಹುಟ್ಟಿತು, ಅಳಲಿಲ್ಲ. ಆ ಮಗುವಿನ ಮುಖ ಅವನಿಗೆ ಮರೆತಿರಲಿಲ್ಲ. ಈ ಸಲ ಎತ್ತುಗಳನ್ನು ನಂಬುವುದಿಲ್ಲ, ಸೈಕಲ್ ಮೇಲೆ ಕೂರಿಸಿಕೊಂಡು ಗಾಳಿಯಂತೆ ಹೋಗುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದ. ಮಾತು ದೊಡ್ಡದೇ. ಅದಕ್ಕೆ ದುಡ್ಡು ಎಷ್ಟು ಹಾಕಬೇಕೆಂಬಲ್ಲಿ ಅವನ ಬುದ್ಧಿ ಎಂದಿನ ದಾರಿ ಹಿಡಿಯಿತು.

ಸಿರಾದಿಂದ ಬಂದು ಮಧುಗಿರಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಇಮಾಮ್ ಸಾಬ್ ದಪ್ಪ ಕಂಬಿಯ ಹೊಸ ಕ್ಯಾರಿಯರ್ ತೆಗೆದು ಮುಂದಿಟ್ಟ.

“ವಿಲಾಯ್ತಿ ಮಾಲು ಸಾವ್ಕಾರ್. ಕಡ್ಲೆಕಾಯಿ ಮೂಟೆ ಹೇರಿದ್ರೂ ಜಗ್ಗಲ್ಲ. ಹೆಣ್ಮಕ್ಳನ್ನ ಕೂರ್ಸೋದಾದ್ರೆ ಕಣ್ಮುಚ್ಕೊಂಡು ಇದೇ ತಗೊಳ್ಳಿ. ಮೂರೂವರೆ ರೂಪಾಯಿ.”

ನಂದೀಶ್ವರಯ್ಯನ ಸೊಂಟದ ಚೀಲದಲ್ಲಿದ್ದದ್ದು ನಾಲ್ಕು ರೂಪಾಯಿ. ಅಷ್ಟರಲ್ಲಿ ಅವನ ಕಣ್ಣು ಗಾಜಿನ ಬೀರುವಿನೊಳಗಿದ್ದ ಗ್ಯಾಸ್ ಲೈಟಿನ ಮೇಲೆ ಬಿತ್ತು. ಬೆಳ್ಳಿಯಂತೆ ಹೊಳೆಯುತ್ತಿತ್ತು. ಪಕ್ಕದಲ್ಲಿ, ಬಾರಿಸಿದರೆ ಕೆರೆಯಾಚೆಗೂ ಕೇಳುವ ಬೆಲ್ಲು. ಲೈಟು, ಬೆಲ್ಲು ಇರುವುದು ಮುಂದೆ, ಎದುರಿಗೆ ಬರುವ ಅಮಲ್ದಾರರಿಗೂ ಕಾಣುತ್ತವೆ. ಕ್ಯಾರಿಯರ್ ಹಿಂದೆ, ಅದರ ಮೇಲೆ ಹೆಂಡತಿ ಕೂತಮೇಲೆ ಯಾರಿಗೆ ಕಾಣುತ್ತದೆ? ಹೀಗೆ ಲೆಕ್ಕ ಹಾಕುತ್ತಿದ್ದಾಗ ಗೋಡೆಯ ಮೊಳೆಗೆ ತೂಗುಬಿಟ್ಟಿದ್ದ ಹಳೆಯ ಕ್ಯಾರಿಯರ್ ಒಂದು ಕಂಡಿತು.

“ಅದೆಷ್ಟು?”

“ಅದು ಮಾರೋಕಲ್ಲ.”

“ಯಾಕೆ, ಮುರಿದೈತಾ?”

“ಮುರಿದಿಲ್ಲ. ಕೊಳಾಲದ ಮೂಡಲಗಿರಿಯಪ್ಪ ಅಂತ, ಬಿಚ್ಚಿಸಿ ಬಿಟ್ಟೋದ. ದುಡ್ಡೂ ಕೇಳ್ಲಿಲ್ಲ. ಅವರ ಮನೇಲಿ ಸಾವಾಗಿತ್ತು.”

“ಸಾವಿಲ್ಲದ ಮನೆ ಯಾವುದಪ್ಪ? ಇದು ಕಬ್ಬಿಣ ಸಾಬ್ರೆ. ಬಾಣಂತಿ ದಿಂಬಿನ ಕೆಳಗೆ ಕುಡುಗೋಲು ಯಾಕಿಡ್ತಾರೆ? ಕಬ್ಬಿಣದ ಹತ್ರ ಯಾವ ಗಾಳಿಯೂ ಸುಳಿಯಲ್ಲ. ಎಂಟಾಣೆ ಹಿಡಿ.”

ಸಾಬ್ ಬೇಡವೆಂದ. ನಂದೀಶ್ವರಯ್ಯ ಎಂಟಾಣೆಯನ್ನು ಹಲಗೆಯ ಮೇಲಿಟ್ಟು, ಕ್ಯಾರಿಯರನ್ನು ತಾನೇ ಮೊಳೆಯಿಂದ ತೆಗೆದ. ಉಳಿದ ಮೂರೂವರೆಯಲ್ಲಿ ಲೈಟು, ಬೆಲ್ಲು ಎರಡೂ ಬಂದವು. ಊರಿಗೆ ಮರಳುವಾಗ ದಾರಿಯುದ್ದಕ್ಕೂ ಬೆಲ್ಲು ಬಾರಿಸಿಕೊಂಡು ಬಂದ. ಬಾಗಿಲಿಗೆ ಬಂದ ಹೆಂಡತಿ ಲೈಟು ನೋಡಿ ನಕ್ಕಳು, ಆಮೇಲೆ ಹಿಂದಕ್ಕೆ ಹೋಗಿ ಕ್ಯಾರಿಯರನ್ನು ಕೈಯಿಂದ ಒತ್ತಿ ನೋಡಿದಳು.

ಎರಡು ದಿನ ಬಿಟ್ಟು, ಎಲೆ ಬುಟ್ಟಿಯನ್ನು ಮೊದಲ ಸಲ ಕ್ಯಾರಿಯರಿಗೆ ಬಿಗಿದು ಮಧುಗಿರಿಗೆ ಹೊರಟ. ತುಂಬಾಡಿ ದಾಟಿದ ಮೇಲೆ ದಾರಿ ಸ್ವಲ್ಪ ಏರು. ಅಲ್ಲಿ ಎರಡು ಬಂಡೆಗಳು ಒಂದಕ್ಕೊಂದು ಆತುಕೊಂಡು ನಿಂತಿವೆ, ಜೋಡಿಬಂಡೆ ಎನ್ನುತ್ತಾರೆ. ನೆತ್ತಿಯ ಮೇಲೆ ಸೂರ್ಯ. ಬಂಡೆಯ ಬುಡದಲ್ಲಿ ನೆರಳೂ ಇರಲಿಲ್ಲ. ಅಲ್ಲಿಗೆ ಬಂದಕೂಡಲೇ ಹಿಂದಿನ ಚಕ್ರ ಕುಸಿಯಿತು, ಹ್ಯಾಂಡಲ್ ಹಗುರಾಯಿತು. ಯಾರೋ ಹಾರಿ ಕೂತಂತೆ ಅಲ್ಲ. ಒಂದು ಕಾಲು ಊರಿ, ನಿಧಾನವಾಗಿ, ಜೋಪಾನವಾಗಿ ಕೂತಂತೆ. ತಿರುಗಿ ನೋಡಿದ. ಬುಟ್ಟಿಯ ಹೊರತು ಏನೂ ಇಲ್ಲ. ಟೈರು ಚಪ್ಪಟೆಯಾಗಿತ್ತು. ಪಂಕ್ಚರ್ ಎಂದು ಇಳಿದು ಒತ್ತಿದರೆ ಗಾಳಿ ಗಟ್ಟಿಯಾಗಿಯೇ ಇತ್ತು.

ತುಳಿದುಕೊಂಡು ಮುಂದೆ ಬಂದಾಗ ಆಡು ಕಾಯುತ್ತಿದ್ದ ಮುದುಕಿಯೊಬ್ಬಳು ಗದರಿದಳು. “ಬಸುರಿ ಹೆಂಗ್ಸನ್ನ ಹಿಂಗೆ ಉರಿಬಿಸ್ಲಲ್ಲಿ ಕರ್ಕಂಡೋಯ್ತೀರಲ್ಲ ಸ್ವಾಮಿ. ಸೆರಗು ಚಕ್ರಕ್ಕೆ ಸಿಕ್ಕಾತು, ಎತ್ತಿಟ್ಕಳಕ್ಕೇಳಿ.”

ಮುದುಕಿಗೆ ಕಣ್ಣು ಮಂಜೆಂದು ನಂದೀಶ್ವರಯ್ಯ ನಗಲು ಹೋದ. ನಗು ಬರಲಿಲ್ಲ. ಅವನ ಬೆನ್ನಿಗೆ ತಣ್ಣನೆಯ ಉಸಿರು ತಾಗುತ್ತಿತ್ತು.

ಮಧುಗಿರಿಯ ಅಂಚಿನಲ್ಲಿ ದಾರಿ ಕವಲಾಗುತ್ತದೆ. ಎಡಕ್ಕೆ ಪೇಟೆ, ಬಲಕ್ಕೆ ಆಸ್ಪತ್ರೆ. ಅವನು ಎಡಕ್ಕೆ ತಿರುಗಿಸಿದ. ತಿರುಗಿಸುವಾಗ ಹಿಂದಿನ ಭಾರ ಬಲಗಡೆಗೆ ಜಾರಿತು, ಸೈಕಲ್ ಹಗುರಾಯಿತು. ಪೇಟೆಯಲ್ಲಿ ಎಲೆ ಕೊಳ್ಳುವ ಅಂಗಡಿಯವನು ಬುಟ್ಟಿ ಬಿಚ್ಚಿ ಮುಖ ಸಿಂಡರಿಸಿದ.

“ಏನ್ ಅಯ್ನೋರೆ, ಎಲೆ ಮೇಲೆ ಯಾರನ್ನ ಕೂರಿಸ್ಕೊಂಡು ಬಂದ್ರಿ?”

ನಡುವಿನ ಕಟ್ಟುಗಳು ಒಬ್ಬರು ಕೂರುವಷ್ಟು ಅಗಲಕ್ಕೆ ಅಪ್ಪಚ್ಚಿಯಾಗಿ ಬಾಡಿದ್ದವು. ಸುತ್ತಲಿನ ಬಟ್ಟೆ ಒದ್ದೆಯಾಗಿದ್ದರೂ ಅಲ್ಲಿ ಮಾತ್ರ ಒಣಗಿತ್ತು.

ಆಮೇಲೆ ಹೋದಾಗಲೆಲ್ಲ ಹೀಗೆಯೇ. ಜೋಡಿಬಂಡೆಯಲ್ಲಿ ಹತ್ತುವುದು, ಕವಲಿನಲ್ಲಿ ಬಲಕ್ಕೆ ಜಾರುವುದು. ಮರಳಿ ಬರುವಾಗ ಏನೂ ಇಲ್ಲ. ಕೊನೆಗೆ ಅವನು ಇಮಾಮ್ ಸಾಬನ ಮುಂದೆ ಹೋಗಿ ನಿಂತ. ಸಾಬ್ ಅವನ ಮುಖ ನೋಡಿಯೇ ಕೈಯಲ್ಲಿದ್ದ ಪಾನಾ ಕೆಳಗಿಟ್ಟ.

“ಬೇಡ ಅಂದೆ, ಕಿತ್ಕೊಂಡು ಹೋದ್ರಿ. ಮೂಡಲಗಿರಿಯಪ್ಪ ಹೆಂಡ್ತಿಗೆ ಹೆರಿಗೆ ನೋವು ಅಂತ ಅದರ ಮೇಲೆ ಕೂರಿಸ್ಕೊಂಡು ಇಲ್ಲಿನ ಆಸ್ಪತ್ರೆಗೆ ಬರ್ತಿದ್ದ. ಜೋಡಿಬಂಡೆ ಹತ್ರ ಪ್ರಾಣ ಹೋಯ್ತು. ಮಗು ಹೊಟ್ಟೇಲೇ ಇತ್ತು. ಅಲ್ಲಿಂದಲೇ ವಾಪಸ್ ತಿರುಗಿಸ್ದ. ನಸೀಬು.”

ಮನೆಗೆ ಬಂದವನು ಪಕ್ಕದ ಮನೆಯ ಸೂಲಗಿತ್ತಿ ರಂಗಕ್ಕನನ್ನು ಹಿತ್ತಲಿಗೆ ಕರೆದು ಎಲ್ಲವನ್ನೂ ಹೇಳಿದ. ರಂಗಕ್ಕ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಕೇಳಿದಳು.

“ಕೊಳಾಲದೋರು ಹೊರೆಗಲ್ಲು ನೆಡ್ಲಿಲ್ವಾ?”

ಹೊರೆ ಹೊತ್ತು ಸಾಗುವವರು ಇಳಿಸಿ ಸುಧಾರಿಸಿಕೊಳ್ಳಲೆಂದು ದಾರಿಯ ಬದಿಗೆ ಎರಡು ಕಂಬ ನೆಟ್ಟು ಮೇಲೊಂದು ಚಪ್ಪಡಿ ಹಾಕುತ್ತಾರಲ್ಲ, ಅದೇ ಹೊರೆಗಲ್ಲು. ಬಸುರಿ ಹೆಂಗಸು ಹೆರದೆ ಸತ್ತರೆ ಅವಳ ಹೆಸರಿನಲ್ಲಿ ಅದನ್ನು ನೆಡಿಸುವುದು ಆ ಕಡೆಯ ರೂಢಿ. ದಾರಿಹೋಕರು ಅಲ್ಲಿ ಹೊರೆ ಇಳಿಸಿದಷ್ಟೂ ಅವಳ ಹೊರೆ ಇಳಿಯುತ್ತದೆ.

“ಗಾಡೀಲಿ ಸತ್ತಿದ್ರೆ ನೆಡ್ತಿದ್ರು ಕಣಪ್ಪ,” ಎಂದು ರಂಗಕ್ಕ ತನ್ನ ಪ್ರಶ್ನೆಗೆ ತಾನೇ ಉತ್ತರ ಕೊಟ್ಟುಕೊಂಡಳು. “ಸೈಕಲ್ಲು ಕಬ್ಬಿಣ, ಅದ್ಕೆ ಏನೂ ಅಂಟಲ್ಲ ಅಂತ ಸುಮ್ಕಾಗಿರ್ತಾರೆ. ಕಬ್ಬಿಣ ಬರೋದನ್ನ ತಡೀತೈತೆ, ದಿಟ. ಮೊದ್ಲೇ ಕೂತಿರೋದನ್ನ ಹೋಗಾಕೂ ಬುಡಲ್ಲ. ನೀನಾದ್ರೂ ಒಂದು ಕಲ್ಲು ನೆಡ್ಸು.”

ಕಲ್ಲುಕುಟಿಗ ಅಡವಯ್ಯನನ್ನು ಕೇಳಿದರೆ ಹನ್ನೆರಡು ರೂಪಾಯಿ ಎಂದ. ನಂದೀಶ್ವರಯ್ಯನಿಗೆ ಭಯ ಹಿಂದೆ ಸರಿದು ಕೋಪ ಮುಂದೆ ಬಂತು. ಯಾರದೋ ಹೆಂಡತಿಗೆ ತಾನು ಕಲ್ಲು ನೆಡಿಸುವುದೇ? ಅದರ ಬದಲು ಮುಂದಿನ ವಾರದ ಎಲೆ ದುಡ್ಡಿನಲ್ಲಿ ಆ ಹೊಸ ಕ್ಯಾರಿಯರನ್ನೇ ತಂದರಾಯಿತು. ಹೆರಿಗೆಗೆ ಇನ್ನೂ ದಿನ ಇದೆ. ಹೀಗೆಂದು ಸಮಾಧಾನ ಮಾಡಿಕೊಂಡು, ಅಲ್ಲಿಯವರೆಗೆ ಇರಲೆಂದು ಕ್ಯಾರಿಯರಿಗೊಂದು ನಿಂಬೆಹಣ್ಣು ಕಟ್ಟಿದ. ಅದು ಹಿತ್ತಲಿನ ಗಿಡದ್ದು, ಖರ್ಚಿಲ್ಲ.

ದಿನಗಳು ಅವನ ಲೆಕ್ಕ ಕೇಳಲಿಲ್ಲ. ಮುಂದಿನ ವಾರ ಬರುವ ಮೊದಲೇ, ಒಂದು ಬೆಳಗ್ಗೆ ಶಿವರುದ್ರಮ್ಮ ಒಲೆಯ ಮುಂದೆ ಕುಸಿದು ಕೂತಳು. ರಂಗಕ್ಕ ಬಂದು ಹೊಟ್ಟೆ ಮುಟ್ಟಿ ನೋಡಿದವಳೇ, ಮಗು ಅಡ್ಡ ತಿರುಗಿದೆ, ತನ್ನ ಕೈಲಾಗುವುದಿಲ್ಲ, ಮಧುಗಿರಿಗೆ ಹೊರಡಿ ಎಂದಳು. ಮೋಟಾರು ಬಸ್ಸು ಆಗಲೇ ಹೋಗಿತ್ತು. ನಂದೀಶ್ವರಯ್ಯ ಕಂಬಳಿ ಮಡಿಸಿ ಕ್ಯಾರಿಯರ್ ಮೇಲೆ ಹಾಸಿದ. ಮೂರೂವರೆ ರೂಪಾಯಿ ಅಂದು ಅವನ ಸೊಂಟದಲ್ಲೇ ಇತ್ತಲ್ಲ ಎಂಬ ಯೋಚನೆ ಎದೆಯನ್ನು ಕೊರೆಯುತ್ತಿತ್ತು. ಹೆಂಡತಿಗೆ ಅವನು ಏನನ್ನೂ ಹೇಳಿರಲಿಲ್ಲ.

ತುಂಬಾಡಿ ದಾಟಿತು. ಏರು ಶುರುವಾಯಿತು. ಬಂಡೆಗಳು ಕಂಡ ಕೂಡಲೇ ಅವನು ಬೆಲ್ಲು ಬಾರಿಸತೊಡಗಿದ, ಸದ್ದಿಗೆ ಹೆದರಿ ದೂರವಿರಲಿ ಎಂದು. ಬಂಡೆಯ ಹತ್ತಿರ ಬಂದಾಗ ಬೆಲ್ಲಿನ ಸದ್ದು ನಿಂತುಹೋಯಿತು. ಬೆರಳು ಒತ್ತುತ್ತಲೇ ಇತ್ತು, ಒಳಗಿನ ಹಲ್ಲು ತಿರುಗುತ್ತಲೇ ಇತ್ತು. ಹಿಂದಿನ ಚಕ್ರ ಕುಸಿಯಿತು.

“ವಸಿ ಸರ್ಕಂಡು ಕೂತ್ಕ ಅಂತವ್ರೆ,” ಎಂದಳು ಶಿವರುದ್ರಮ್ಮ.

“ಯಾರು?”

“ಹಿಂದೆ ಕೂತಿರೋರು. ನನ್ ಸೊಂಟ ಹಿಡ್ಕಂಡವ್ರೆ. ಕೈ ತಣ್ಣಗೈತೆ.”

ಅವನು ಕಾಲು ಊರಿ ನಿಂತ. ತಳ್ಳಿದರೆ ಚಕ್ರ ಅಲುಗಲಿಲ್ಲ. ತಿರುಗಿ ನೋಡುವ ಧೈರ್ಯವಿಲ್ಲದೆ, ಮುಂದಿನ ಖಾಲಿ ದಾರಿಗೇ ಕೈಮುಗಿದ.

“ತಾಯಿ, ಇಳೀರಿ. ನಿಮ್ಗೆ ಕಲ್ಲು ನೆಡಿಸ್ತೀನಿ. ಎಷ್ಟು ಖರ್ಚಾದ್ರೂ ಆಗ್ಲಿ. ನನ್ ಹೆಂಡ್ತೀನ ಬುಟ್ಬುಡಿ.”

ಓತಿಕೇತವೊಂದು ಬಂಡೆಯ ಮೇಲೆ ತಲೆ ಆಡಿಸುತ್ತಿತ್ತು. ಶಿವರುದ್ರಮ್ಮ ಯಾರದೋ ಮಾತಿಗೆ ಕಿವಿಗೊಟ್ಟವಳಂತೆ ಹೂಂಗುಟ್ಟಿದಳು. ನೋವಿನಲ್ಲೂ ಅವಳ ದನಿ ನಿಧಾನವಾಗಿತ್ತು.

“ಇಳಿಯಲ್ವಂತೆ. ಅವ್ರಿಗೂ ನೋವು ಬತ್ತೈತಂತೆ. ಆಸ್ಪತ್ರೆಗೆ ಹೊಂಟಿದ್ರಂತೆ. ದಿನಾ ಹತ್ತಿ ಕೂತ್ರೂ ನೀವು ಪೇಟೆ ಕಡೀಕೇ ತಿರುಗಿಸ್ತೀರಂತೆ.”

ನಂದೀಶ್ವರಯ್ಯನ ಕೈ ತಾನಾಗಿ ಕೆಳಗಿಳಿಯಿತು. ಇಷ್ಟು ದಿನ ತನ್ನ ಎಲೆ ಹಾಳಾಯಿತೆಂದು ಅವನು ಬೈದುಕೊಂಡಿದ್ದ. ಹಿಂದೆ ಕೂತವಳು ಎಲ್ಲಿಗೆ ಹೊರಟವಳೆಂದು ಒಂದು ಸಲವೂ ಯೋಚಿಸಿರಲಿಲ್ಲ. ಹೆದರಿಕೆ ಹೋಗಲಿಲ್ಲ, ಆದರೆ ಅದರ ಜೊತೆಗೆ ನಾಚಿಕೆಯೂ ಬಂತು.

“ಆಯ್ತು,” ಎಂದ. “ಇಬ್ರೂ ಭದ್ರವಾಗಿ ಹಿಡ್ಕಳಿ.”

ಚಕ್ರ ಉರುಳಿತು. ಆ ಏರನ್ನು ಅವನು ಹೇಗೆ ತುಳಿದನೋ ಶಿವನೇ ಬಲ್ಲ. ಕ್ಯಾರಿಯರಿನ ಹಳೆಯ ಕಂಬಿಗಳು ನರಳುತ್ತಿದ್ದವು. ಅವನು ಅದುವರೆಗೂ ಯಾವ ದೇವರನ್ನೂ ಬೇಡಿಕೊಳ್ಳದಷ್ಟು ದೈನ್ಯದಿಂದ ಎಂಟಾಣೆಯ ಆ ಕಬ್ಬಿಣವನ್ನು ಬೇಡಿಕೊಂಡ. ಬೆನ್ನ ಹಿಂದೆ ಶಿವರುದ್ರಮ್ಮ ಆಗಾಗ ನರಳುತ್ತಿದ್ದಳು, ಆಗಾಗ ಮೆಲ್ಲಗೆ ಮಾತಾಡುತ್ತಿದ್ದಳು. ಆ ಮಾತು ಅವನಿಗಲ್ಲ. ಕವಲು ಬಂದಾಗ ಬಲಕ್ಕೆ ತಿರುಗಿಸಿದ. ಭಾರ ಜಾರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಬಳಿ ಹೆಂಡತಿಯನ್ನು ತಬ್ಬಿ ಇಳಿಸಿಕೊಂಡ. ಅವಳು ಇಳಿದ ಮೇಲೂ ಚಪ್ಪಟೆಯಾಗಿಯೇ ಇದ್ದ ಟೈರು, ಅವನು ನೋಡುತ್ತಿದ್ದಂತೆ ಮೆಲ್ಲಗೆ ಗುಂಡಗಾಯಿತು.

ಬಿಸಿಲು ಇಳಿಯುವ ಹೊತ್ತಿಗೆ ನರ್ಸಮ್ಮ ಹೊರಗೆ ಬಂದಳು. “ಹೆಣ್ಣು ಮಗು. ತಾಯೀನೂ ಚೆನ್ನಾಗಿದ್ದಾರೆ.” ಆಮೇಲೆ ಹಣೆ ಒರೆಸಿಕೊಂಡು, ತನಗೇ ಹೇಳಿಕೊಳ್ಳುವವಳಂತೆ ಅಂದಳು. “ಎರಡು ಅಳು ಕೇಳಿಸ್ತು. ಅವಳಿ ಇರಬೇಕು ಅಂತ ಡಾಕ್ಟರಮ್ಮ ಮತ್ತೆ ನೋಡಿದ್ರು. ಇದ್ದದ್ದು ಒಂದೇ.”

ನಂದೀಶ್ವರಯ್ಯ ಮೆಟ್ಟಿಲ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ.

ಬಾಣಂತನ ಮುಗಿಯುವ ಮೊದಲೇ ಅವನು ಲೈಟು, ಬೆಲ್ಲುಗಳನ್ನು ಇಮಾಮ್ ಸಾಬನಿಗೆ ಮರಳಿಸಿ, ಸಾಲದ್ದಕ್ಕೆ ಕಿವಿಯ ಹತ್ತಕಡಕನ್ನೂ ಮಾರಿ ಅಡವಯ್ಯನ ಬಳಿಗೆ ಹೋದ. ಈ ಸಲ ಚೌಕಾಸಿ ಮಾಡಲಿಲ್ಲ. ಕಲ್ಲಿನ ಮೇಲೆ ಯಾರ ಹೆಸರು ಕೆತ್ತಲಿ ಎಂದು ಅಡವಯ್ಯ ಕೇಳಿದ. ಸತ್ತವಳ ಹೆಸರನ್ನು ನಂದೀಶ್ವರಯ್ಯನಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಹೆಂಡತಿಯನ್ನು ಕೇಳಿದ.

“ದೊರೆಸಾನಿ ಅಂದ್ರು,” ಎಂದಳು ಶಿವರುದ್ರಮ್ಮ, ಮಗುವಿಗೆ ಹಾಲೂಡುತ್ತ. “ದಾರೀಲಿ ಕೇಳಿದ್ದೆ.”

“ಯಾವ ಅರಮನೆ ದೊರೆಸಾನಿಯಪ್ಪ,” ಎಂದು ಅಡವಯ್ಯ ನಕ್ಕರೂ ಹಾಗೆಯೇ ಕೆತ್ತಿದ.

ಜೋಡಿಬಂಡೆಯ ಪಕ್ಕದಲ್ಲಿ ಕಲ್ಲು ನಿಲ್ಲಿಸುವ ದಿನ ಸುದ್ದಿ ಕೇಳಿ ಕೊಳಾಲದಿಂದ ಮೂಡಲಗಿರಿಯಪ್ಪ ನಡೆದುಕೊಂಡು ಬಂದ. ಬಡಕಲು ಆಳು, ಬರಿಗಾಲು. ಓದು ಬಾರದವನು. ಕೆತ್ತಿದ್ದು ಏನೆಂದು ಕೇಳಿದ. ನಂದೀಶ್ವರಯ್ಯ ಓದಿ ಹೇಳಿದ ಮೇಲೆ ಅವನು ಇದ್ದಲ್ಲೇ ಕುಕ್ಕರಿಸಿದ.

“ಅವಳ ಹೆಸ್ರು ನರಸಮ್ಮ, ಸ್ವಾಮಿ. ದೊರೆಸಾನಿ ಅಂತ ನಾನೊಬ್ನೇ ಕರೀತಿದ್ದೆ. ಅದೂ ಮನೆ ಒಳಗೆ, ಬಾಗ್ಲು ಹಾಕ್ಕಂಡು. ಹೊರಗಿನೋರಿಗೆ ಗೊತ್ತಿಲ್ಲ.” ಆಮೇಲೆ ತಲೆ ಎತ್ತಿ ಕೇಳಿದ. “ಭಾರ ಇದ್ಲಾ? ಅವತ್ತು ಈ ಏರಲ್ಲಿ ತುಳಿಯಾಕಾಗ್ದೆ ನಿಂತ್ಬುಟ್ಟೆ. ವಸಿ ದಣಿವಾರಿಸ್ಕತೀನಿ ಅಂತ ನಿಂತೆ. ಆಗ್ಲೇ ಹೋದ್ಲು.”

“ಬಲು ಭಾರ ಇದ್ರು ಕಣಪ್ಪ,” ಎಂದ ನಂದೀಶ್ವರಯ್ಯ. “ಒಬ್ಬನ ಕೈಲಾಗೋದಲ್ಲ. ನನ್ನ ಹೆಂಡ್ತಿ ಮಾತಾಡಿಸ್ಕಂಡು ಬಂದ್ಲು, ಅದ್ಕೆ ಆಯ್ತು.”

ರಂಗಕ್ಕ ಹೇಳಿದಂತೆ ಮೊದಲ ಹೊರೆಯನ್ನು ಸತ್ತವಳ ಕಡೆಯವರೇ ಇಳಿಸಬೇಕಿತ್ತು. ಮೂಡಲಗಿರಿಯಪ್ಪ ಬರಿಗೈಯಲ್ಲಿ ಬಂದಿದ್ದ. ನಂದೀಶ್ವರಯ್ಯ ಪಾನಾ ತೆಗೆದು, ಸೈಕಲ್ಲಿನಿಂದ ಹಳೆಯ ಕ್ಯಾರಿಯರನ್ನು ಬಿಚ್ಚಿ ಅವನ ಕೈಗೆ ಕೊಟ್ಟ. ಅವನು ಅದನ್ನು ಮಗುವನ್ನು ಎತ್ತಿಕೊಳ್ಳುವಂತೆ ಎರಡೂ ಕೈಯಿಂದ ಎದೆಗೆ ಹಿಡಿದುಕೊಂಡು, ಚಪ್ಪಡಿಯ ಮೇಲೆ ಇಳಿಸಿದ. ಆಮೇಲೆ, ಹೊರೆ ಇಳಿಸಲು ಬಂದ ಯಾರೋ ಹಿಂದಿನಿಂದ ದಾರಿ ಬಿಡು ಎಂದಂತೆ, ಪಕ್ಕಕ್ಕೆ ಸರಿದು ಜಾಗ ಬಿಟ್ಟ.